ಮಗಳಿಗೆಂದು ಬಿಟ್ಟ ಜಾಗ

ಒಂದು ದಿನದ ಮಟ್ಟಿಗೆ ಎಂದು ಹೇಳಿಯೇ ಜಿಪಾರಳನ್ನು ಕರೆಸಿದ್ದರು. ಸಿನಿಮಾ, ಟಿ.ವಿ. ಚಿತ್ರೀಕರಣಗಳಲ್ಲಿ ಇಪ್ಪತ್ತೆರಡು ವರ್ಷ ಸದ್ದು ಹಿಡಿದವಳಿಗೆ ಒಂದು ದಿನದ ಪರೀಕ್ಷೆ. ನಾರಿನ್ ಪೇಟೆಯಿಂದ ಬೆಳಗಿನ ವ್ಯಾನು ಹತ್ತಿ, ರೆಕಾರ್ಡರಿನ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಅವಳು ಬೇಸಿಗೆಯ ಹುಲ್ಲುಗಾವಲಿಗೆ ಬಂದಿಳಿದಾಗ, ನಿರ್ದೇಶಕ ಎರ್ಮೆಕ್ ಉಣ್ಣೆಯ ಗುಡಾರದ ಹೊರಗೆ ನಿಂತು ಚಹಾ ಕುಡಿಯುತ್ತಿದ್ದ. ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು. ಕೆಲಸ ಕೊಡುವವನಾದರೂ ಎಜೆ, ಅಕ್ಕ ಎನ್ನುವ ಮರ್ಯಾದೆ ಬಿಟ್ಟಿರಲಿಲ್ಲ.

“ಎಜೆ, ಮುಚ್ಚುಮರೆ ಬೇಡ. ಬಾತ್ಕೆನ್‌ನಲ್ಲಿ ನಡೀತಿದ್ದ ಸಿನಿಮಾನ ನೀವು ಅರ್ಧಕ್ಕೇ ಬಿಟ್ಟು ಹೋದ್ರಿ ಅಂತ ಎಲ್ರೂ ಹೇಳ್ತಾರೆ. ಬಿಶ್ಕೆಕ್‌ನಲ್ಲಿ ಇನ್ನೊಬ್ಬ ಕಾಯ್ತಾ ಇದಾನೆ, ನಿಮಗಿಂತ ಕಡಿಮೆಗೆ ಬರ್ತಾನೆ. ಆದ್ರೆ ಇವತ್ತಿನ ಅಳುಹಾಡು ಒಂದೇ ಸಲಕ್ಕೆ ಸಿಗೋದು, ಎರಡನೇ ಸಲ ಮುದುಕಿ ಬಾಯೇ ಬಿಡಲ್ಲ. ಇದು ಚೆನ್ನಾಗಿ ಬಂತೋ, ಹಿಮ ಬೀಳೋವರೆಗೂ ಕೆಲಸ ನಿಮ್ದು. ಕೆಡ್ತೋ…”

“ಸಂಜೆ ವ್ಯಾನಿಗೆ ನಾನು,” ಎಂದಳು ಜಿಪಾರ್.

ಬಾತ್ಕೆನ್ ವಿಷಯ ಅವಳು ವಿವರಿಸಲಿಲ್ಲ. ಒಂದೂವರೆ ವರ್ಷದಿಂದ ಯಾರಿಗೂ ವಿವರಿಸಿರಲಿಲ್ಲ. ಚಿತ್ರೀಕರಣ ಶುರುವಾಗುವ ಮುನ್ನ ಎಲ್ಲರ ಫೋನನ್ನೂ ಆರಿಸಲು ಹೇಳುವವಳು ಅವಳೇ. ತನ್ನದನ್ನು ಮೊದಲು ಆರಿಸಿ ತೋರಿಸುವುದು ಅವಳ ಕ್ರಮ. ಬಾತ್ಕೆನ್‌ನಲ್ಲಿ ಅವತ್ತೂ ಹಾಗೆಯೇ ಮಾಡಿದ್ದಳು. ತಾಯಿ ತೀರಿಕೊಂಡ ಸುದ್ದಿ ಬೆಳಗಿನಿಂದ ಸಂಜೆಯವರೆಗೆ ಅವಳ ಚೀಲದೊಳಗೆ ಸುಮ್ಮನೆ ಬಿದ್ದಿತ್ತು. ಹೊರಟಾಗ ಕಣಿವೆಯ ದಾರಿಯನ್ನು ಹಿಮ ಮುಚ್ಚಿತ್ತು. ಊರು ತಲುಪಿದ್ದು ನಾಲ್ಕನೆಯ ದಿನ. ಮಣ್ಣು ಮುಗಿದಿತ್ತು, ಶೋಕದ ಗುಡಾರ ಬಿಚ್ಚಿದ್ದರು, ಅಳುವ ಹೆಂಗಸರು ತಮ್ಮ ತಮ್ಮ ಮನೆ ಸೇರಿದ್ದರು. ಹೆತ್ತವಳಿಗಾಗಿ ಮಗಳು ಗೋಡೆಯ ಕಡೆ ಮುಖ ಮಾಡಿ ಕೂತು ಹಾಡಿ ಅಳಬೇಕು. ಅದು ಮಗಳ ಕಡೆಯ ಸಾಲ. ತೀರಿಸುವ ವೇಳೆ ದಾಟಿಹೋದ ಮೇಲೆ ಅದನ್ನು ಎಲ್ಲಿ ತೀರಿಸಬೇಕೆಂದು ಯಾರೂ ಹೇಳಲಿಲ್ಲ. ಆಮೇಲೆ ಕೆಲಸಕ್ಕೂ ಯಾರೂ ಕರೆಯಲಿಲ್ಲ.

ಗುಡಾರದೊಳಗೆ ಬುರುಲ್ ಅಪಾ ಮಂಡಿಯೂರಿ ಕೂತಿದ್ದಳು. ಹೆತ್ತ ತಾಯಿಯನ್ನೂ ಹಿರಿಯ ಹೆಂಗಸನ್ನೂ ಅಲ್ಲಿ ಅಪಾ ಎಂದೇ ಕರೆಯುವುದು. ಎಪ್ಪತ್ತು ದಾಟಿದವಳು, ಬಿಳಿ ರುಮಾಲಿನವಳು. ಸುತ್ತಲ ಮೂರು ಕಣಿವೆಗಳಲ್ಲಿ ಸಾವಿನ ಮನೆಯಲ್ಲಿ ಮೊದಲು ದನಿಯೆತ್ತುವ ಹಕ್ಕು ಅವಳದು. ಕೊರಳಪಟ್ಟಿಗೆ ಪುಟ್ಟ ಮೈಕು ಸಿಕ್ಕಿಸುತ್ತಿದ್ದ ಜಿಪಾರಳ ಬೆರಳನ್ನೇ ನೋಡುತ್ತಾ ಮುದುಕಿ ಕೇಳಿದಳು:

“ಇದು ಕಚ್ಚುತ್ತಾ?”

“ಇಲ್ಲ ಅಪಾ. ಕೇಳಿಸ್ಕೊಳ್ಳುತ್ತೆ ಅಷ್ಟೆ.”

“ನಲವತ್ತು ವರ್ಷ ನನ್ನ ಗಂಡ ಕೇಳಿಸ್ಕೊಳ್ಳಲಿಲ್ಲ, ಈ ಜೀರುಂಡೆ ಕೇಳಿಸ್ಕೊಳ್ಳುತ್ತಂತೆ.” ರುಮಾಲು ಸರಿಮಾಡಿಕೊಂಡು, “ಮಗಳೇ, ನಿಮ್ಮ ಯಜಮಾನನಿಗೆ ಹೇಳು. ನಾನು ಹಾಡಲ್ಲ,” ಎಂದಳು. “ಬರ್ತೀನಿ ಅಂದೆ ನಿಜ. ರಾತ್ರಿಯೆಲ್ಲ ಯೋಚನೆ ಮಾಡಿದೆ. ಸತ್ತವರಿಲ್ಲದೆ ಅಳಬಾರದು. ಹೆಸರಿಲ್ಲದ ಅಳು ಯಾರ ಮನೆ ಬಾಗಿಲು ಹುಡುಕ್ಕೊಂಡು ಹೋಗುತ್ತೋ, ಅಲ್ಲಾನೇ ಬಲ್ಲ.”

ಹೊರಗೆ ಎರ್ಮೆಕ್ ಯಾರಿಗೋ ಕುದುರೆಗಳನ್ನು ದೂರ ಹೊಡೆಯಲು ಹೇಳುತ್ತಿದ್ದ. ಮುದುಕಿ ಎದ್ದು ಹೋದರೆ ಇವತ್ತಿನ ದಿನ ಹೋಯಿತು, ದಿನದ ಜೊತೆ ಕೆಲಸವೂ. ಆದರೆ ಜಿಪಾರಳ ಬಾಯಿಂದ ಮಾತು ಹೊರಟದ್ದು ಆ ಲೆಕ್ಕದಿಂದಲ್ಲ.

“ಹೆಸರು ನಾನು ಕೊಡ್ಲಾ ಅಪಾ? ಕಾಲಿಪಾ ಅಂತ. ನನ್ನ ತಾಯಿ.”

ಮುದುಕಿ ಅವಳ ಮುಖ ನೋಡಿದಳು. “ನೀನು ಅತ್ತಿಲ್ಲ.”

“ತಡವಾಗಿ ಹೋದೆ.”

ಬುರುಲ್ ಅಪಾ ಅಂಗೈ ಬಿಡಿಸಿ ಕಾಲಿಪಾಳ ಹೆಸರಿನಲ್ಲಿ ಪ್ರಾರ್ಥನೆ ಓದಿದಳು. ಇಬ್ಬರೂ ಮುಖದ ಮೇಲೆ ಕೈಯಾಡಿಸಿಕೊಂಡರು. ಆಮೇಲೆ ಅಳತೆ ತೆಗೆಯುವ ದರ್ಜಿಯಂತೆ ಒಂದೊಂದೇ ಕೇಳುತ್ತಾ ಹೋದಳು. ಯಾವ ಊರು, ಎಷ್ಟು ಮಕ್ಕಳು, ಕೈಗುಣ ಹೇಗೆ.

“ನಾನೊಬ್ಬಳೇ. ಫೋನ್ ಮಾಡಿದ್ರೆ ತಾಯಿ ಮಾತಾಡ್ತಿರಲಿಲ್ಲ ಅಪಾ. ನನಗೆ ಸದ್ದು ಅಂದ್ರೆ ಇಷ್ಟ ಅಂತ, ಕುದುರೆ ಹಾಲು ಕರೆಯುವಾಗ ಫೋನನ್ನ ಬಕೆಟ್ ಹತ್ರ ಹಿಡೀತಿದ್ಲು. ನಾನು ಕೇಳ್ತಾ ಇರ್ತಿದ್ದೆ.”

“ಸಾಕು,” ಎಂದಳು ಮುದುಕಿ. “ಇಷ್ಟಿದ್ರೆ ಸಾಕು. ಹಾಡಿದ ಮೇಲೆ ನಿನ್ನ ಕೆಲಸ ಮುಗೀತಾ?”

“ಇಲ್ಲ. ಎಲ್ರೂ ಹೋದ ಮೇಲೆ ಒಂದು ನಿಮಿಷ ಬರೀ ಗುಡಾರದ ಮೌನ ಹಿಡೀಬೇಕು. ಮಾತುಗಳ ಅಡಿಯಲ್ಲಿ ಹಾಸೋಕೆ, ನೆಲಕ್ಕೆ ಜಮಖಾನ ಹಾಸ್ತೀವಲ್ಲ ಹಾಗೆ. ಇಲ್ಲಾಂದ್ರೆ ಕತ್ತರಿಸಿ ಸೇರಿಸಿದ ಕಡೆಯೆಲ್ಲ ತೂತು ಕೇಳಿಸುತ್ತೆ.”

“ಮೌನಕ್ಕೂ ಕೂಲಿ ಸಿಗೋ ಕಾಲ ಬಂತು,” ಎಂದು ಮುದುಕಿ ಗೋಡೆಯ ಕಡೆ ತಿರುಗಿ ಕೂತಳು.

ಕ್ಯಾಮೆರಾ ಒಳಗೆ ಬಂತು, ಎರ್ಮೆಕ್ ಬಂದ. ಜಿಪಾರ್ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕೋಲಿನ ತುದಿಯ ಮೈಕನ್ನು ಮುದುಕಿಯ ತಲೆಯ ಮೇಲೆ ಹಿಡಿದು ನಿಂತಳು. ಶುರುಮಾಡಿ ಎಂದು ಎರ್ಮೆಕ್ ಬೆರಳೆತ್ತಿದ.

ಆ ದನಿ ಗಂಟಲಿನಿಂದ ಬಂದಂತಿರಲಿಲ್ಲ, ನೆಲದ ಉಣ್ಣೆಹಾಸಿನ ಕೆಳಗಿನಿಂದ ಬಂತು.

ಬೆಟ್ಟ ದಾಟಿ ಬಂದ ಬಿಳಿಯ ಹಂಸವೇ,
ಬಟ್ಟಲ ತುಂಬ ಹಾಲಿಟ್ಟು ಹೋದೆಯಾ,
ಮುಟ್ಟಿದ ಕೈಬಿಸಿ ಆರುವ ಮುನ್ನವೇ
ಕಟ್ಟಿದ ಗೂಡಿನ ಬಾಗಿಲ ಮರೆತೆಯಾ, ಕಾಲಿಪಾ.

ಸಾಲುಗಳು ಒಂದರ ಬೆನ್ನಿಗೊಂದು ಬಂದವು. ಬಕೆಟಿಗೆ ಬೀಳುವ ಹಾಲಿನ ಸದ್ದು ಹಾಡಿನೊಳಗೆ ಬಂತು, ಅದನ್ನು ದೂರದಲ್ಲಿ ಕೂತು ಕೇಳುವ ಕಿವಿ ಬಂತು. ಹೆಡ್‌ಫೋನಿನಲ್ಲಿ ಅದು ಜಿಪಾರಳೊಬ್ಬಳಿಗೇ ಹೇಳಿದಷ್ಟು ಹತ್ತಿರದಲ್ಲಿತ್ತು. ಅವಳ ಕೋಲು ಅಲುಗಲಿಲ್ಲ. ಆಮೇಲೆ ದನಿ ಇಳಿಯಿತು:

ಹೆತ್ತವಳು ಹೊರಟಳು, ಎತ್ತಲಿರುವೆ ಮಗಳೇ,
ಸುತ್ತ ಕೂತವರೆಲ್ಲ ಕಿವಿಗೊಟ್ಟು ಕಾದರು,
ಉತ್ತರ ಕೊಡು ಬಾ.

ಮುದುಕಿ ನಿಲ್ಲಿಸಿದಳು.

ಹಾಡಿನ ಕಟ್ಟಳೆಯೇ ಹಾಗೆ. ಇಲ್ಲಿ ಮಗಳು ದನಿಯೆತ್ತಬೇಕು. ಜಿಪಾರ್ ಈ ಜಾಗವನ್ನು ಮರೆತಿದ್ದಳೋ, ಬಾರದಿರಲಿ ಎಂದು ಬೇಡಿಕೊಂಡಿದ್ದಳೋ. ರೆಕಾರ್ಡರಿನ ಮುಖದ ಮೇಲೆ ಅಂಕಿಗಳು ಓಡುತ್ತಿದ್ದವು. ಒಂದು. ಎರಡು. ಮುದುಕಿಯ ಉಸಿರು ಕೇಳುತ್ತಿತ್ತು. ಛಾವಣಿಯ ನೆತ್ತಿಯ ಮರದ ಬಳೆಯಲ್ಲಿ ಗಾಳಿ, ಬಿಗಿದ ಹಗ್ಗದ ಸಣ್ಣ ನರಳಿಕೆ. ನಾಲ್ಕು. ಜಿಪಾರಳ ಗಂಟಲು ತಾನಾಗಿಯೇ ತೆರೆಯಿತು. ಒಂದು ಸ್ವರ ಹೊರಟರೆ ಸಾಕು, ಟೇಕ್ ಹಾಳು. ಎರ್ಮೆಕನ ಬೆರಳು ಇನ್ನೂ ಮೇಲೆಯೇ ಇತ್ತು. ಆರು. ಇಪ್ಪತ್ತೆರಡು ವರ್ಷದ ರೂಢಿ ಅವಳ ಬಾಯಿಯನ್ನು ಬೇರೆ ಯಾರದೋ ಅಂಗೈಯಂತೆ ಮುಚ್ಚಿತು. ಅವಳು ಉಗುಳನ್ನೂ ನುಂಗಲಿಲ್ಲ. ಎಂಟು.

ಮುದುಕಿ ಉಸಿರೆಳೆದು ಮುಂದಿನ ಸಾಲಿಗೆ ಹೋದಳು.

ಮುಗಿದಾಗ ಎರ್ಮೆಕನ ಕಣ್ಣು ಕೆಂಪಾಗಿತ್ತು. ಹೊರಗೆ ಬಂದು ಹೆಡ್‌ಫೋನಿನಲ್ಲಿ ಅಲ್ಲಲ್ಲಿ ಕೇಳಿ ತಲೆದೂಗಿದ. “ಎಜೆ, ಒಂದು ಚೂರು ಸರಸರ ಇಲ್ಲ. ನೀವು ಒಳಗಿದ್ರೋ ಇಲ್ವೋ ಅಂತಾನೇ ಗೊತ್ತಾಗ್ಲಿಲ್ಲ. ಕೆಲಸ ನಿಮ್ದು.”

ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಎಷ್ಟೋ ಸಲ ಕೇಳಿದ್ದಳು, ಪ್ರತಿ ಸಲವೂ ಖುಷಿಪಟ್ಟಿದ್ದಳು.

“ಮಧ್ಯೆ ಒಂದು ಕಡೆ ಮುದುಕಿ ಮರೆತು ಸುಮ್ಮನಾಗ್ತಾಳಲ್ಲ, ಅದನ್ನ ಕತ್ತರಿಸಿ ಬಿಸಾಕ್ತೀವಿ.”

“ಅದು ಮರೆವಲ್ಲ, ಎರ್ಮೆಕ್. ಅದನ್ನ ಹಾಗೇ ಇರೋಕೆ ಬಿಡಿ.”

“ಎಂಟು ಸೆಕೆಂಡು ಎಜೆ. ಮನೇಲಿ ಕೂತು ನೋಡೋನು ಟಿ.ವಿ. ಕೆಟ್ಟೋಯ್ತು ಅಂತ ತಲೆ ಮೇಲೊಂದು ಕುಟ್ತಾನೆ.” ನಕ್ಕ, ಕೆಟ್ಟ ನಗೆಯಲ್ಲ. “ಹಿಡಿಯೋದು ನಿಮ್ಮ ಕೆಲಸ, ಕತ್ತರಿಸೋದು ನಮ್ದು. ಗುಡಾರದ ಮೌನ ಹಿಡ್ಕೊಂಡು ಬೇಗ ಊಟಕ್ಕೆ ಬನ್ನಿ. ಮಧ್ಯಾಹ್ನ ಈ ಗುಡಾರಾನ ಬಿಚ್ಚಿ ತಗೊಂಡು ಹೋಗ್ತಾರೆ.”

ಬಾಗಿಲಲ್ಲಿ ಬುರುಲ್ ಅಪಾ ಬೂಟು ಹಾಕಿಕೊಳ್ಳುತ್ತಿದ್ದಳು.

“ಕಾದೆ,” ಎಂದಳು.

“ಕೇಳಿಸ್ತು ಅಪಾ.”

“ಮಗಳು ಬಾರದಿದ್ರೆ ಅವಳ ಸಾಲನ್ನ ನಾನೇ ಹೇಳಿ ಮುಗಿಸೋದುಂಟು. ಇವತ್ತು ಹೇಳ್ಲಿಲ್ಲ. ಅದು ನಿಂದು.”

ಜಿಪಾರ್ ಒಳಗೆ ಹೋದಳು. ಮೈಕಿನ ಕೋಲನ್ನು ನೆಲಕ್ಕೂರಿ ನಿಲ್ಲಿಸಿದಳು. ಬೆರಳು ರೆಕಾರ್ಡರಿನ ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಹೆಡ್‌ಫೋನು ತೆಗೆದಿಟ್ಟು ಮುದುಕಿ ಕೂತಿದ್ದ ಜಾಗದಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಉಣ್ಣೆಯಲ್ಲಿ ಕುರಿಯ ವಾಸನೆಯಿತ್ತು. ಬಾಯಿ ತೆರೆದಳು. ಹಾಡು ಬರಲಿಲ್ಲ, ಪ್ರಾಸ ಬರಲಿಲ್ಲ. ಅಪಾ ಎಂಬ ಒಂದೇ ಮಾತು, ತನ್ನದೇ ಎಂದು ಅವಳಿಗೆ ಗುರುತು ಸಿಗದ ದನಿಯಲ್ಲಿ, ಮತ್ತೆ ಮತ್ತೆ ಬಂತು.

ಹೊರಗೆ ಯಾರೋ ಪಾತ್ರೆ ಸದ್ದು ಮಾಡಿದರು. “ಸುಮ್ನಿರೋ,” ಎಂದಳು ಮುದುಕಿ ಬಾಗಿಲಿಗೆ ಬೆನ್ನು ಕೊಟ್ಟು. “ಒಳಗೆ ಕೆಲಸ ನಡೀತಿದೆ.”

ಬಹಳ ಹೊತ್ತಿನ ಮೇಲೆ ಜಿಪಾರ್ ಸದ್ದಿನ ವರದಿಯ ಹಾಳೆ ತೆಗೆದು ಬರೆದಳು: ಗುಡಾರದ ಮೌನ ಪ್ರತ್ಯೇಕವಾಗಿ ಹಿಡಿದಿಲ್ಲ. ಮೊದಲ ಟೇಕಿನಲ್ಲೇ ಇದೆ, ಎಂಟು ಸೆಕೆಂಡು. ಎಲ್ಲ ಕಡೆಗೂ ಅದನ್ನೇ ಹಾಸಿಕೊಳ್ಳುವುದು.

ಹಾಸಲು ಬೇರೆ ಮೌನವಿಲ್ಲದ್ದರಿಂದ ಈಗ ಅದನ್ನು ಕತ್ತರಿಸಬಹುದು, ಬಿಸಾಡಲಾಗದು. ಗುಡಾರದ ಮೌನ ಹಿಡಿಯುವುದು ಇಪ್ಪತ್ತೆರಡು ವರ್ಷದಲ್ಲಿ ಅವಳು ಬೇಕೆಂದೇ ಬಿಟ್ಟ ಮೊದಲ ಕೆಲಸ.

ಊಟದ ಹಾಸಿನ ಕೊನೆಯಲ್ಲಿ ಹೋಗಿ ಕೂತಳು. ನಗು, ಚಮಚಗಳ ಸದ್ದು, ಮಾಂಸದ ಸಾರಿನ ಹಬೆ. ಬ್ರೆಡ್ಡಿನ ತಟ್ಟೆ ಅವಳನ್ನು ದಾಟಿ ಪಕ್ಕದವನ ಕೈಗೆ ಹೋಯಿತು. ಅವಳು ಬಂದದ್ದು ಯಾರಿಗೂ ಕೇಳಿಸಿರಲಿಲ್ಲ.