ನಿಧಾನಣ್ಣನ ಗಾಡಿಯ ಬೆಳಕು

ಬದುಕಿರುವವರೊಡನೆ ತುಟಿ ಬಿಚ್ಚದೆ, ಮಾತು ಮುಗಿಸಿ ಮಲಗಿದವರೊಡನೆ ದಾರಿಯುದ್ದಕ್ಕೂ ಮಾತನಾಡುವುದು ಅವರ ರೂಢಿ. ಆಸ್ಪತ್ರೆಯ ಶವವಾಹನವನ್ನು ಇಪ್ಪತ್ತೆರಡು ವರ್ಷ ಓಡಿಸಿದ ಆ ಚಾಲಕರು ಪ್ರತಿ ತಿರುವಿನಲ್ಲೂ ಕತ್ತನ್ನು ಕೊಂಚ ಹಿಂದಕ್ಕೆ ವಾಲಿಸಿ, "ನಿಧಾನ, ನಿಧಾನ, ತಿರುವು ಬಂತು" ಎಂದು ಹಿಂದೆ ಮಲಗಿದವರಿಗೆ ಹೇಳುತ್ತಿದ್ದರು. ಹಾಗಾಗಿ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರ ಬಾಯಲ್ಲೂ ಅವರು ನಿಧಾನಣ್ಣ. ಕಡುಬೇಸಗೆಯಲ್ಲೂ ಕಳಚದ, ಮೊಣಕೈಗೆ ತೇಪೆ ಹಾಕಿದ ಕಂದು ಕೋಟು. ನೆಲಕ್ಕೆ ನೋವಾದೀತೆಂಬಂತೆ ಪಾದ ಊರುವ ನಡಿಗೆ. ಗಾಡಿಯ ಬಾಗಿಲನ್ನು ಬಡಿಯದೆ, ಚಿಲಕ ತಾನಾಗಿ ಕೂರುವವರೆಗೂ ಅಂಗೈಯಿಂದ ಒತ್ತಿ ಹಿಡಿಯುವ ತಾಳ್ಮೆ. "ನಾನೂ ಒಂದಿನ ಆ ಗಾಡೀಲಿ ಮಲಗ್ತೀನಲ್ಲ, ಆಗಲಾದ್ರೂ ಮಾತಾಡ್ಸಿ" ಎಂದು ಹೆಂಡತಿ ಛೇಡಿಸಿದರೆ, ತಟ್ಟೆ ನೋಡುತ್ತಾ ಮುಗುಳ್ನಗುತ್ತಿದ್ದರು, ಅಷ್ಟೆ.

ಕಪ್ಪು ಗಾಜು ಹಾಕಿದ ಗಾಡಿಯ ಹಿಂಭಾಗ ನಡುಹಗಲಲ್ಲೂ ಕತ್ತಲೆ. ಚಾವಣಿಯ ಮೂರು ಹಳೆಯ ಬಲ್ಬುಗಳ ಹಳದಿ ಮಂದಬೆಳಕಿನಲ್ಲಿ ಮಲಗಿದವರ ಕೆನ್ನೆಗೆ ರಕ್ತ ಮರಳಿದಂತೆ ತೋರುತ್ತಿತ್ತು. "ನಿದ್ದೆ ಮಾಡ್ತಿರೋ ಹಾಗೇ ಇದಾರೆ" ಎಂದು ಮನೆಯವರು ಸಮಾಧಾನಪಟ್ಟಾಗಲೆಲ್ಲ ನಿಧಾನಣ್ಣನಿಗೆ ತಾವೇ ಏನೋ ಉಪಕಾರ ಮಾಡಿದ ತೃಪ್ತಿ. ಹೀಗಿರಲು, ಬ್ಯಾಟರಿ ಬೇಗ ಇಳಿಯುತ್ತದೆಂದು ಆಡಳಿತದವರು ಮೂರನ್ನೂ ಕೀಳಿಸಿ ಎಲ್‌ಇಡಿ ಹಾಕಿಸಿದರು. ಸುಣ್ಣ ಬಳಿದಂಥ ಬಿಳಿ ಬೆಳಕು. ಅದರಲ್ಲಿ ಮುಚ್ಚಿಟ್ಟುಕೊಳ್ಳಲು ಒಂದು ಮೂಲೆಯೂ ಉಳಿಯಲಿಲ್ಲ. ವಿಚಿತ್ರವೆಂದರೆ ಸ್ವಿಚ್ಚು ಆರಿಸಿದ ಮೇಲೂ ದೀಪಗಳು ಪೂರ್ತಿ ಆರದೆ, ಖಾಲಿ ಸ್ಟ್ರೆಚರಿನ ಮೇಲೆ ಬೂದುಬಣ್ಣದ ಮಿಣುಕೊಂದು, ಯಾರೋ ಕಣ್ಣು ಅರೆತೆರೆದು ಕಾಯುತ್ತಿರುವಂತೆ, ಹಾಗೇ ನಿಂತುಬಿಡುತ್ತಿತ್ತು. ಕೇಳಿದರೆ ಎಲೆಕ್ಟ್ರಿಷಿಯನ್, "ವೈರಿಂಗಲ್ಲಿ ಕರೆಂಟು ಮೊದಲಿಂದ್ಲೂ ಸೋರ್ತಾನೇ ಇತ್ತು ಅಣ್ಣ. ಹಳೇ ಬಲ್ಬು ಹೊತ್ಕೊಳ್ಳೋಕೆ ಅದು ಸಾಲ್ತಿರ್ಲಿಲ್ಲ, ಇದಕ್ಕೆ ಸಾಕು" ಎಂದ.

ದೀಪ ಬದಲಿಸಿದ ಮೂರನೆಯ ದಿನದ ಮಧ್ಯಾಹ್ನ ನಡುವಯಸ್ಸಿನ ಅಕ್ಕ-ತಮ್ಮ ಇಬ್ಬರು ತೀರಿಕೊಂಡ ತಂದೆಯ ದೇಹದೊಡನೆ ಗಾಡಿ ಹತ್ತಿದರು. ಶವಾಗಾರದಲ್ಲಿ ತಮ್ಮ ಅಳುತ್ತಲೇ ಸಹಿ ಹಾಕಿದ್ದ; ಅಕ್ಕ ಹೊರಗೇ ನಿಂತಿದ್ದಳು. ಗಾಡಿ ಎರಡು ಬೀದಿ ದಾಟುವಷ್ಟರಲ್ಲಿ ಅವಳು ಆ ಮುಖವನ್ನೇ ದಿಟ್ಟಿಸಿ, ಅಳುವಿನ ಸುಳಿವೂ ಇಲ್ಲದ ದನಿಯಲ್ಲಿ ಹೇಳಿದಳು: "ಇವರು ನಮ್ಮಪ್ಪ ಅಲ್ಲ."

ತಿಂಗಳುಗಟ್ಟಲೆ ಹಾಸಿಗೆ ಹಿಡಿದವರ ಮುಖ ಕಡೆಗೆ ಹೀಗೇ ಆಗುವುದೆಂದು ತಮ್ಮ ಸಂತೈಸಿದ. ಅವಳು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ತಿರುವು ಬಂತು. ನಿಧಾನಣ್ಣ ವಾಡಿಕೆಯಂತೆ ಕತ್ತು ವಾಲಿಸಿದರು, ಬಾಯಿ ತೆರೆದರು; ಮಾತು ಹೊರಡಲಿಲ್ಲ. ಯಾರಿಗೆ ಹೇಳಬೇಕೆಂದು ಅವರಿಗೆ ತಿಳಿಯಲಿಲ್ಲ.

ಗಾಡಿ ನಿಲ್ಲಿಸಿ ಹಿಂದಕ್ಕೆ ಬಂದರು. ಕಾಲ್ಬೆರಳಿಗೆ ಕಟ್ಟಿದ ಚೀಟಿಯಲ್ಲಿ ಹೆಸರು, ಅಂಕಿ ಎಲ್ಲವೂ ಸರಿಯಾಗಿತ್ತು. "ಅಪ್ಪನ ಎಡಹುಬ್ಬು ಸೀಳಿತ್ತು, ಚಿಕ್ಕಂದಿನಲ್ಲಿ ನಾನೇ ಕಲ್ಲು ಹೊಡೆದಿದ್ದೆ" ಎಂದಳು ಅಕ್ಕ. ಬಿಳಿ ಬೆಳಕಿನಲ್ಲಿ ಎರಡೂ ಹುಬ್ಬುಗಳು ಒಂದು ಕೂದಲೂ ತಪ್ಪದಂತೆ ಪೂರ್ತಿಯಾಗಿದ್ದವು. ತಮ್ಮ ಸಿಟ್ಟಾದ, ಮನೆಯಲ್ಲಿ ಜನ ಕಾದಿದ್ದಾರೆ, ಹೊರಡಿ ಎಂದ. ಹೊರಟ ಗಾಡಿ ಅಪ್ಪಣೆಯಿಲ್ಲದೆ ಹಿಂದಿರುಗುವಂತಿರಲಿಲ್ಲ. ನಿಧಾನಣ್ಣ ತಿರುಗಿಸಿದರು.

ಶವಾಗಾರದ ತಣ್ಣನೆಯ ಕಪಾಟಿನ ಪಕ್ಕದ ಖಾನೆಯಲ್ಲಿ ಇನ್ನಾರದೋ ಚೀಟಿ ಕಟ್ಟಿಸಿಕೊಂಡು ತಂದೆ ಮಲಗಿದ್ದರು, ಸೀಳಿದ ಹುಬ್ಬಿನೊಡನೆ. ಅಕ್ಕ ಆ ಹುಬ್ಬಿನ ಮೇಲೆ ಬೆರಳಿಟ್ಟು ನೆಲಕ್ಕೆ ಕುಸಿದಳು. ತಮ್ಮನೋ, ನಿಧಾನಣ್ಣನ ಕೋಟು ಹಿಡಿದುಕೊಂಡು ಬಿಕ್ಕಿದ.

ಎಲ್ಲರೂ ಹೊಗಳಿದರು. ಹೊಗಳಿಕೆ ಕಿವಿಗೆ ಬಿದ್ದಷ್ಟೂ ಅವರು ಬಿಳಿಚಿಕೊಂಡರು. ಆ ರಾತ್ರಿ ಊಟದ ಮಧ್ಯೆ ಹೆಂಡತಿಯನ್ನು ಕೇಳಿದರು: "ಇಷ್ಟು ವರ್ಷ ಆ ಹಳದಿ ಬೆಳಕಲ್ಲಿ ನಾನು ಯಾರನ್ನ ಯಾರ ಮನೇಲಿ ಇಳಿಸಿ ಬಂದ್ನೋ?"

ಅಂದಿನಿಂದ ಮನೆಯವರನ್ನು ಒಳಗೆ ಕರೆದು, ಬಿಳಿ ದೀಪ ಹಾಕಿ, "ಸರಿಯಾಗಿ ನೋಡಿ, ಆತುರ ಇಲ್ಲ" ಎನ್ನದೆ ಅವರು ಕೀಲಿ ಮುಟ್ಟುತ್ತಿರಲಿಲ್ಲ. ಕಲ್ಲೆದೆಯವನೆಂದು ಶಪಿಸಿದವರುಂಟು. ತಿರುವುಗಳಲ್ಲಿ ಮಾತು ನಿಂತೇಹೋಯಿತು. ಆದರೆ ಒಂದು ಸಂಜೆ, ಶೆಡ್ಡಿನ ಪಕ್ಕದಲ್ಲಿ ಹಾದುಹೋದ ಆಯಾ ಒಬ್ಬಳು, ದೀಪ ಆರಿಸಿದ ಗಾಡಿಯ ಬೂದು ಮಿಣುಕಿನಲ್ಲಿ ನಿಧಾನಣ್ಣ ಖಾಲಿ ಸ್ಟ್ರೆಚರಿನ ಎದುರು ಕೂತು, "ನಿಮ್ಮನ್ನ ಎಲ್ಲಿ ಇಳಿಸ್ದೆ ನಾನು?" ಎಂದು ಕೇಳಿ, ಉತ್ತರ ಬರುವಷ್ಟು ಹೊತ್ತು ಕಾದು, ಹೂಂ ಎಂಬಂತೆ ತಲೆಯಾಡಿಸಿದ್ದನ್ನು ಕಂಡಳು. ಆಮೇಲೆ ಅವಳು ಆ ದಾರಿ ಬಿಟ್ಟಳು.

ನಮ್ಮವರನ್ನು ಕಡೆಯ ಬಾರಿ ಮನೆ ಮುಟ್ಟಿಸುವ ಇಂಥವರ ಮುಖವನ್ನು ನಾವು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ನಮ್ಮ ಬಾಗಿಲಿಗೆ ಅವರ ಹೊರೆ ಇಳಿಯಿತೆಂದು ತಿಳಿದು ಒಳಗೆ ಹೋಗುತ್ತೇವೆ. ಅಲ್ಲಿಂದ ಹಿಂದಿರುಗುವ ದಾರಿ ಅವರೊಬ್ಬರದೇ. ಆ ಗಾಡಿ ಖಾಲಿ ಹೋಗುತ್ತದೆಂಬುದು ನಮ್ಮ ನಂಬಿಕೆ.