ಎರಡು ಬೆರಳಿನಷ್ಟು ಇಕ್ಕಟ್ಟು

ಡಂಕನ್ ಟ್ರೆಗಾರ್ ವಿನ್ಯಾಸ ಮಾಡಿದ ಒಂಟಿ ಆಸನದ ರೇಸ್ ಕಾರನ್ನು ಕಂಡು ಬಾಯಿ ತುಂಬ ಹೊಗಳದವರಿಲ್ಲ. ಮೂತಿ ಅಷ್ಟು ಸಪೂರ. ಅದರ ಕೆಳಗೆ ಗಾಳಿ ಸಲೀಸಾಗಿ ನುಗ್ಗಲೆಂದು, ಚಾಲಕ ಕಾಲು ಚಾಚಿ ಕೂರುವ ಕಾರ್ಬನ್ ಗೂಡನ್ನು ಮೊಣಕಾಲಿನ ಹತ್ತಿರ ಎರಡು ಬೆರಳಿನಷ್ಟು ಕಿರಿದು ಮಾಡಿದ್ದ. ನಿಯಮದ ಅಳತೆಗೆ ಅದು ಹೇಗೋ ಹೊಂದಿತ್ತು.

ಚಳಿಗಾಲದಲ್ಲಿ ಕಾರಿನ ಮರದ ಮಾದರಿಯೊಳಗೆ ಕೂತಾಗಲೇ ಚಾಲಕ ಎಮ್ರಿಸ್ ಹೇಳಿದ್ದ: "ಕಾಲು ಹಿಡಿದಂಗೆ ಆಗುತ್ತೆ ಡಂಕ್."

"ಅಮ್ಮನ ಪುಡ್ಡಿಂಗು ತಿನ್ನೋದು ಕಮ್ಮಿ ಮಾಡು, ಸರಿಹೋಗುತ್ತೆ," ಅಂದಿದ್ದ ಡಂಕನ್. ಕಾರ್ಖಾನೆಯೆಲ್ಲ ನಕ್ಕಿತು. ವೇಲ್ಸಿನ ಉದ್ದಕಾಲಿನ ಎಮ್ರಿಸ್ ಕೂಡ ನಕ್ಕ. ಆಲೂಗಡ್ಡೆ, ಬ್ರೆಡ್ಡು ಬಿಟ್ಟ. ಮೂಳೆ ಸಣ್ಣಗಾಗುತ್ತದೆಯೇ?

ರೇಸುಗಳು ಶುರುವಾಗುವ ಮುನ್ನ ಸಿಲ್ವರ್‌ಸ್ಟೋನ್ ರೇಸ್ ಟ್ರ್ಯಾಕಿನಲ್ಲಿ ಪರೀಕ್ಷೆ. ಬೆಂಕಿ ಹತ್ತಿದರೆ ಚಾಲಕ ತಾನಾಗಿಯೇ ಕ್ಷಣದಲ್ಲಿ ಹೊರಬರಬೇಕು. ಅದನ್ನು ಅಧಿಕಾರಿಗಳು ಗಡಿಯಾರ ಹಿಡಿದು ನೋಡುತ್ತಾರೆ. ಎಮ್ರಿಸ್ ಬಹಳ ಹೊತ್ತು ಓಡಿಸಿ ಬಂದು ನಿಲ್ಲಿಸಿದ. ಬೆಲ್ಟು ಬಿಚ್ಚಿದ, ಸ್ಟೀರಿಂಗ್ ಕಿತ್ತಿಟ್ಟ, ಎರಡೂ ಕೈ ಊರಿ ಎದ್ದ. ಸೊಂಟ ಬಂತು, ಕಾಲು ಬರಲಿಲ್ಲ. ಕೊನೆಗೆ ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿದರು. ನೆಲದ ಮೇಲೆ ಕೂತು ಅವನು ಜೋಮು ಹಿಡಿದ ತೊಡೆಗಳನ್ನು ತಿಕ್ಕಿಕೊಳ್ಳುತ್ತಿದ್ದ.

"ಏನಾಯ್ತು?" ಅಂದರು ಅಧಿಕಾರಿ.

ಎಮ್ರಿಸ್ ಡಂಕನ್ ಕಡೆ ನೋಡಿದ. ಡಂಕನ್ ಟೈರಿಗೆ ಅಂಟಿದ್ದ ರಬ್ಬರು ಕೀಳುತ್ತ ನಿಂತ.

"ಬೂಟು ಪೆಡಲಿಗೆ ಸಿಕ್ಕಾಕ್ಕೊಂಡ್ತು. ನನ್ನದೇ ತಪ್ಪು," ಅಂದ ಎಮ್ರಿಸ್.

ಮರುದಿನವೂ ಅದೇ ಆಯಿತು. ಅವನ ಜಾಗಕ್ಕೆ ಕುಳ್ಳಗಿನ ಚಾಲಕ ಬಂದ. ಕಾರು ಮೊದಲ ರೇಸನ್ನೇ ಗೆದ್ದಿತು. ಫೋಟೋಗೆ ಕರೆದಾಗ ಡಂಕನ್ ಹೊಟ್ಟೆನೋವೆಂದು ನೆಪ ಹೇಳಿ ತಂಡದ ಲಾರಿಯೊಳಗೆ ಕೂತ.

ತಡೆಯಲಾರದೆ ತಂಡದ ಒಡತಿ ಲೋರ್ನಾಳ ಬಳಿ ಹೋದ. "ಗೂಡು ಇಕ್ಕಟ್ಟು. ಎಮ್ರಿಸ್ ತಪ್ಪಲ್ಲ, ನಂದು."

ಆಕೆ ಚಹಾ ಕಲಕುತ್ತಲೇ ಇದ್ದಳು. "ಗೊತ್ತು. ಯಾರಿಗೆ ಗೊತ್ತಿಲ್ಲ ಹೇಳು? ಹೊಸ ಗೂಡು ಮಾಡೋಕೆ ಹೋಗಿದ್ರೆ ಅರ್ಧ ವರ್ಷ ಮನೇಲಿ ಕೂರಬೇಕಿತ್ತು. ನೀನು ಬಾಯಿ ಮುಚ್ಕೊಂಡಿದ್ದು ಒಳ್ಳೇದೇ ಆಯ್ತು."

ಬೈದಿದ್ದರೆ ಹಗುರಾಗುತ್ತಿತ್ತು. ಆ ಶಹಬ್ಬಾಸ್‌ಗಿರಿ ಕೆನ್ನೆಗೆ ಬಾರಿಸಿದಂತಾಯಿತು. ಕಿವಿ ಬಿಸಿಯಾಗಿ ಎದ್ದುಬಂದ.

ಭಾನುವಾರ ಎಮ್ರಿಸ್‌ನನ್ನು ಹುಡುಕಿಕೊಂಡು ಹೋದ. ಅವನೀಗ ಡ್ಯಾವೆಂಟ್ರಿಯ ಹತ್ತಿರ ಬಾಡಿಗೆಯ ಪುಟ್ಟ ಗೋ-ಕಾರ್ಟುಗಳನ್ನು ಓಡಿಸಲು ಕಲಿಸುತ್ತಿದ್ದ.

"ಅವತ್ತು ನನ್ನ ಯಾಕೆ ಉಳಿಸ್ದೆ?" ಡಂಕನ್ ಕೇಳಿದ.

ಎಮ್ರಿಸ್‌ಗೆ ನಗು ಬಂತು. "ನಿನ್ನನ್ನಾ? ಇಕ್ಕಟ್ಟು ಅಂತ ಗೊಣಗೋ ಚಾಲಕನಿಗೆ ಬೇರೆ ತಂಡದೋರು ಕಾರು ಕೊಡ್ತಾರಾ? ನನ್ನ ಹೊಟ್ಟೆಪಾಡಿಗೆ ಹೇಳ್ದೆ." ಆಮೇಲೆ ಮೆತ್ತಗೆ, "ನೀನು ಹೇಳಬಹುದಿತ್ತು. ಅದಕ್ಕೇ ನಿನ್ನ ಕಡೆ ನೋಡಿದ್ದು," ಅಂದ.

ಡಂಕನ್ ತಲೆ ತಗ್ಗಿಸಿ ಕ್ಷಮೆ ಕೇಳಿದ. ಎಂಜಿನ್ನುಗಳ ಗದ್ದಲದಲ್ಲಿ ಎಮ್ರಿಸ್‌ಗೆ ಕೇಳಿಸಲಿಲ್ಲ. "ಏನಂದೆ?" ಎಂದು ಕಿವಿಗೆ ಕೈಯಿಟ್ಟ. ಈ ಸಲ ಕೂಗಿಯೇ ಹೇಳಬೇಕಾಯಿತು. ಸರದಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು.

"ಹೂಂ," ಅಂದ ಎಮ್ರಿಸ್. ಕೆಟ್ಟು ನಿಂತ ಕಾರ್ಟೊಂದನ್ನು ತಳ್ಳಲು ಹೊರಟ. ಡಂಕನ್ ಹಿಂದೆಯೇ ಹೋಗಿ ಕೈಜೋಡಿಸಿದ. ಎಮ್ರಿಸ್ ಅವನತ್ತ ತಿರುಗದೆಯೇ ತುಸು ಸರಿದು ಜಾಗ ಬಿಟ್ಟ.