ಆವಲಪ್ಪನ್ನ ಬಿಟ್ಬಿಡಿ

ಬೊಮ್ಮಸಂದ್ರದ ಕಾರ್ಖಾನೆಗಳ ಕಡೆ, ಸರ್ಕಾರಕ್ಕೆ ಲೆಕ್ಕ ಒಪ್ಪಿಸುವವರಿಗೆಲ್ಲ ಒಂದೇ ಹೆಸರು: ಆಡಿಟರ್. ದೊಡ್ಡ ಪರೀಕ್ಷೆ ಪಾಸು ಮಾಡಿದ ಸಿಎ ಕೂಡ ಆಡಿಟರ್, ತೆರಿಗೆ ವಕೀಲನೂ ಆಡಿಟರ್, ಬಿ.ಕಾಂ. ಮುಗಿಸಿ ಕಂಪ್ಯೂಟರ್ ಮುಂದೆ ಕುಳಿತವನೂ ಆಡಿಟರ್. ದೇವರೊಬ್ಬ ನಾಮ ಹಲವು ಅನ್ನುತ್ತಾರಲ್ಲ, ಇಲ್ಲಿ ಅದು ತಿರುವುಮುರುವು.

ಪಂಚಾಕ್ಷರಿ ಈ ಮೂರನೆಯ ಬಗೆಯವರು. ಹಾವೇರಿ ಕಡೆಯಿಂದ ಬಂದವರು, ಹೆಬ್ಬಗೋಡಿಯಲ್ಲಿ ಬೇಕರಿಯ ಮೇಲಿನ ಕೋಣೆಯೇ ಆಫೀಸು. ಸುತ್ತಲಿನ ಸಣ್ಣ ಕಾರ್ಖಾನೆಗಳ ಸಂಬಳದ ತೆರಿಗೆ, ಪಿಎಫ್, ಕೆಲಸಗಾರರ ವಿಮೆಯಾದ ಇಎಸ್‌ಐ ಎಲ್ಲವನ್ನೂ ಅವರೇ ತುಂಬುತ್ತಿದ್ದರು. ಮಾಲೀಕರ ಪಾಸ್‌ವರ್ಡುಗಳು ಅವರಿಗೆ ಬಾಯಿಪಾಠ. ಮಾಲೀಕರ ಡಿಜಿಟಲ್ ಸಹಿಗಳು, ಪೆನ್‌ಡ್ರೈವಿನಂಥ ಪುಟ್ಟ ಕಡ್ಡಿಗಳು, ದೇವರ ಪಟದ ಕೆಳಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಮಲಗಿರುತ್ತಿದ್ದವು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದವರು ಪಟಕ್ಕೆ ವಿಭೂತಿ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ಡಬ್ಬಿಯ ಮುಚ್ಚಳಕ್ಕೂ ಸವರುತ್ತಿದ್ದರು.

"ತುಂಬಾಕ ಸಿಎನೇ ಆಗಬೇಕಂತ ಏನಿಲ್ರೀ," ಎನ್ನುವುದು ಅವರ ನಿತ್ಯದ ಮಾತು. "ಮಾಲೀಕ ತಾನೇ ತುಂಬಬಹುದು, ಅವನ ಗುಮಾಸ್ತ ತುಂಬಬಹುದು, ವಕೀಲ ತುಂಬಬಹುದು, ನಾನೂ ತುಂಬಬಹುದು. ಹೆಸರು ಮಾತ್ರ ಮಾಲೀಕಂದು. ನಾ ಬರೇ ಕೈ."

ಹನುಮಂತರಾಯಪ್ಪನವರ ಕಾರ್ಖಾನೆಯ ಲೆಕ್ಕವೂ ಅವರದೇ. ಹನುಮಂತರಾಯಪ್ಪ ಈ ನೆಲದ ಹಳೇ ಒಕ್ಕಲು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ತಗಡು ಒತ್ತುವ ಪ್ರೆಸ್ಸುಗಳು. ಕಣವಿದ್ದ ಜಾಗದಲ್ಲಿ ಕೆಲಸಗಾರರಿಗೆ ಬಾಡಿಗೆ ವಠಾರ. ಆನೇಕಲ್ ಕಡೆಯ ಆವಲಪ್ಪ ಅವರ ಪ್ರೆಸ್ಸಿನಲ್ಲೇ ದುಡಿಯುತ್ತಿದ್ದ, ಹೆಂಡತಿ ಅಶ್ವತ್ಥಮ್ಮನ ಜೊತೆ ಅವರ ವಠಾರದಲ್ಲೇ ಇದ್ದ.

ಆವಲಪ್ಪನ ಮಗಳಿಗೆ ಒಮ್ಮೆ ಜ್ವರ ತಲೆಗೇರಿ ಕೂಸು ಕೈತಪ್ಪುವ ಹಾಗಾಗಿತ್ತು. ಅವನು ಮಾದಪ್ಪನಿಗೆ ಹರಕೆ ಹೊತ್ತ: ಮಗು ಉಳಿದರೆ ಒಂದು ತಿಂಗಳು ಬೆಟ್ಟದಲ್ಲಿ ಕಸ ಗುಡಿಸ್ತೀನಿ. ಮಗು ಉಳಿಯಿತು. ಶಿವರಾತ್ರಿ ಮುಂದಿಟ್ಟುಕೊಂಡು ಸಂಬಳವಿಲ್ಲದ ರಜೆ ಹಾಕಿ, ಬರಿಗಾಲಲ್ಲಿ ಬೆಟ್ಟ ಹತ್ತಿದ.

ಆ ತಿಂಗಳ ಲೆಕ್ಕ ತುಂಬುವಾಗ ಪಂಚಾಕ್ಷರಿ ಫೋನು ಮಾಡಿದರು. ಹನುಮಂತರಾಯಪ್ಪ ಪ್ರೆಸ್ಸಿನ ಗದ್ದಲದ ನಡುವೆ ಕೂಗಿ ಹೇಳಿದರು: "ಈ ತಿಂಗ್ಳು ಆವಲಪ್ಪನ್ನ ಬಿಟ್ಬಿಡಿ ಆಡಿಟ್ರೇ!"

ಅವರು ಹೇಳಿದ್ದು, ಈ ಸಲದ ಲೆಕ್ಕದಲ್ಲಿ ಅವನನ್ನು ಬಿಡಿ ಎಂದು. ಇವರು ಕೇಳಿಸಿಕೊಂಡದ್ದು, ಅವನನ್ನು ಕೆಲಸದಿಂದ ಬಿಡಿಸಿ ಎಂದು. ಒಂದು ದಿನವೂ ಸಂಬಳವಿಲ್ಲದವನಿಗೆ ಕಂಪ್ಯೂಟರು ಕಾರಣ ಕೇಳುತ್ತದೆ. ರಜೆ, ಕೆಲಸ ಬಿಟ್ಟ, ನಿವೃತ್ತ, ತೀರಿಕೊಂಡ ಎಂದು ಸಾಲಾಗಿ ತೋರಿಸುತ್ತದೆ. ಪಂಚಾಕ್ಷರಿ 'ಕೆಲಸ ಬಿಟ್ಟ' ಎಂಬುದನ್ನು ಒತ್ತಿದರು. ಮುಂದಿನ ತಿಂಗಳಿಂದ ಆವಲಪ್ಪನ ಹೆಸರು ಕಂಪ್ಯೂಟರಿನ ಪಟ್ಟಿಯಲ್ಲಿ ಬರಲೇ ಇಲ್ಲ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆವಲಪ್ಪ ತಲೆ ಬೋಳಿಸಿಕೊಂಡು, ಲಾಡು ಹಿಡಿದು ಬಂದ. ಮಾಲೀಕರಿಗೊಂದು ಕೊಟ್ಟ, ಆಡಿಟರಿಗೂ ಒಂದು ಕಳಿಸಿದ. ಪಂಚಾಕ್ಷರಿ ಅದನ್ನು ಕಣ್ಣಿಗೊತ್ತಿಕೊಂಡು ತಿಂದರು. ಯಾರು ಕಳಿಸಿದ್ದೆಂದು ವಿಚಾರಿಸಲಿಲ್ಲ. ಅವನು ಮತ್ತೆ ಪ್ರೆಸ್ಸಿಗೆ ನಿಂತ. ಸಂಬಳದಲ್ಲಿ ಇಎಸ್‌ಐ ಎಂದು ಮಾಲೀಕರು ಮುರಿದುಕೊಳ್ಳುವುದು ಮುಂಚಿನಂತೆಯೇ ನಡೆಯಿತು. ಶ್ರಾವಣದಲ್ಲಿ ಒಂದು ಮಧ್ಯಾಹ್ನ ಪ್ರೆಸ್ಸು ಅವನ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದುಕೊಂಡಿತು.

ಖಾಸಗಿ ಆಸ್ಪತ್ರೆಯ ಬಿಲ್ಲನ್ನು ಹನುಮಂತರಾಯಪ್ಪನವರೇ ಕಟ್ಟಿದರು, ಅದನ್ನು ಇಲ್ಲವೆನ್ನಬಾರದು. ಆದರೆ ಕಾರ್ಖಾನೆಯಲ್ಲಿ ಕೈ ಹೋದವನಿಗೆ ಇಎಸ್‌ಐಯವರು ಬದುಕಿರುವ ತನಕ ಪಿಂಚಣಿ ಕೊಡುತ್ತಾರೆ. ಅದಕ್ಕೆಂದು ಅಶ್ವತ್ಥಮ್ಮ ಇಎಸ್‌ಐ ಕಚೇರಿಗೆ ಹೋದಳು. ಅಲ್ಲಿಯ ಹುಡುಗಿ ಪರದೆ ನೋಡಿ, "ನಿಮ್ಮ ಯಜಮಾನ್ರು ಶಿವರಾತ್ರಿಗೇ ಕೆಲಸ ಬಿಟ್ಟಿದಾರಲ್ಲಮ್ಮ. ತಪ್ಪಾಗಿದೆ ಅಂದ್ರೆ, ತುಂಬ್ದೋರು ಬರ್ಕೊಡ್ಲಿ," ಎಂದಳು.

ಅಶ್ವತ್ಥಮ್ಮ ಬೇಕರಿಯ ಮೆಟ್ಟಿಲು ಹತ್ತಿದಳು.

"ಆಡಿಟ್ರು ಸಾಮೇರಾ, ನಮ್ಮನೇರು ಕೆಲ್ಸ ಬುಟ್ಟವ್ರೆ ಅಂತ ಬರ್ದೈತಂತೆ. ಬುಟ್ಟಿದ್ರೆ ಕೈ ಎಂಗೋಯ್ತು?"

ಪಂಚಾಕ್ಷರಿಗೆ ಆ ಫೋನು, ಪ್ರೆಸ್ಸಿನ ಗದ್ದಲ, 'ಬಿಟ್ಬಿಡಿ' ಎಂಬ ಮಾತು ಎಲ್ಲ ಒಮ್ಮೆಗೇ ನೆನಪಾದವು. ತಪ್ಪು ಎಲ್ಲಾಯಿತೆಂಬುದು ಅವರಿಗೆ ಆ ಕ್ಷಣವೇ ತಿಳಿಯಿತು. ಆದರೆ ಬಾಯಿಗೆ ಬಂದದ್ದು ಬೇರೆ.

"ನಾ ಮಾಲೀಕರು ಹೇಳಿದ್ದು ತುಂಬಾಂವ, ತಾಯಿ. ವರ್ಷದ ಲೆಕ್ಕಕ್ಕ ಸಹಿ ಹಾಕೋ ಸಿಎ ಮೇಡಂ ಅದಾರ, ನಿವೇದಿತಾ ಅಂತ. ಅವರ ಮಾತಿಗೆ ತೂಕ ಹೆಚ್ಚು. ಅವರನ್ನ ಕೇಳ್ರಿ."

ನಿವೇದಿತಾಳ ಆಫೀಸು ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡದಲ್ಲಿತ್ತು. ಅವಳು ಕುರ್ಚಿ ಕೊಟ್ಟಳು, ಕಾಫಿ ತರಿಸಿದಳು, ಕಥೆಯನ್ನು ಪೂರ್ತಿ ಕೇಳಿದಳು.

"ಅಮ್ಮಾ, ನಾನು ಇಯರ್ ಎಂಡಲ್ಲಿ ಬ್ಯಾಲೆನ್ಸ್ ಶೀಟ್ ನೋಡಿ ಸೈನ್ ಮಾಡ್ತೀನಿ, ಅಷ್ಟೇ. ತಿಂಗಳ ರಿಟರ್ನ್ ನಾನು ಫೈಲ್ ಮಾಡಿಲ್ಲ. ಮಾಡದೇ ಇರೋದಕ್ಕೆ ಲೆಟರ್ ಕೊಟ್ರೆ ನನ್ನ ಲೈಸೆನ್ಸಿಗೇ ಪ್ರಾಬ್ಲಮ್."

"ಅಂಗಾದ್ರೆ ಯಾರ್ ಕೊಡ್ಬೇಕವ್ವ?"

"ಓನರ್ ಕೊಡ್ಬೇಕು. ಕಾನೂನಲ್ಲಿ ಯಾರು ಬೇಕಾದ್ರೂ ತುಂಬ್ಬೋದು. ತಪ್ಪಾದ್ರೆ ಮಾತ್ರ ಓನರ್ದೇ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಯಾರೊಬ್ಬರೂ ಸುಳ್ಳು ಹೇಳದೆಯೇ ಒಬ್ಬ ಮನುಷ್ಯನ ಕೈಗೆ ಲೆಕ್ಕವಿಲ್ಲದಂತಾಗಿತ್ತು.

ಭಾನುವಾರ ಹನುಮಂತರಾಯಪ್ಪನವರ ಕಾರ್ಖಾನೆಯ ಆಫೀಸಿನಲ್ಲಿ ನಿವೇದಿತಾ ಹೊರತು ಎಲ್ಲರೂ ಸೇರಿದರು. ಪ್ರೆಸ್ಸುಗಳು ನಿಂತಿದ್ದವು. ಆವಲಪ್ಪ ಬಟ್ಟೆ ಸುತ್ತಿದ ಮೊಂಡುಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಮಲಗಿದ ಮಗುವನ್ನು ಕಾಯುವವನಂತೆ ಕುಳಿತಿದ್ದ.

"ನಾನು ಬಿಟ್ಬಿಡಿ ಅಂದಿದ್ದು ಆ ತಿಂಗ್ಳಿಗೆ ಕಣ್ರೀ ಆಡಿಟ್ರೇ!" ಹನುಮಂತರಾಯಪ್ಪ ಮೇಜು ಗುದ್ದಿದರು. "ಮಾದಪ್ಪನ್ ಅರಕೆಗೆ ಓಗಿದ್ದೋನ್ನ ಕೆಲ್ಸದಿಂದ ತೆಗೀತಾರೇನ್ರೀ ಯಾರಾದ್ರೂ? ಕನ್ನಡ ಬರಲ್ವಾ ನಿಮ್ಗೆ?"

"ನಿಮ್ಮ ಕನ್ನಡ ನಮಗ ಅಷ್ಟು ಬರಂಗಿಲ್ಲ ಬಿಡ್ರಿ," ಪಂಚಾಕ್ಷರಿ ಮೆಲ್ಲಗೆ ಅಂದರು. "ಆದ್ರ ಯಜಮಾನ್ರ, ಆಮ್ಯಾಲೆ ತಿಂಗಳಾ ಕಟ್ಟೋ ಹಣ ಕಡಿಮಿ ಬರಾಕತ್ತಿತ್ತಲ್ಲ. ನೀವ್ಯಾಕ ಕೇಳಲಿಲ್ಲ?"

ಹನುಮಂತರಾಯಪ್ಪ ಕಿಟಕಿಯ ಕಡೆ ನೋಡಿದರು. "ಕಮ್ಮಿ ಬಂದ್ರೆ ಯಾರ್ರೀ ಕೇಳ್ತಾರೆ? ಜಾಸ್ತಿ ಬಂದ್ರೆ ಕೇಳ್ತಾರೆ."

"ಅದನ್ನ ಒಂದು ಕಾಗದದಾಗ ಬರೆದು ಕೊಡ್ರಿ, ತಿದ್ದಿಸ್ತೀನಿ."

"ಬರ್ಕೊಟ್ರೆ ಇನ್‌ಸ್ಪೆಕ್ಟ್ರು ಬರ್ತಾನೆ. ಆವಲಪ್ಪನ್ ಸಂಬ್ಳದಲ್ಲಿ ಮುರ್ದು ಕಟ್ಟಿಲ್ಲ ಅಂತ ನನ್ ಮೇಲೆ ಕೇಸಾಗ್ತದೆ. ನೀವೇ ಬರ್ಕೊಡಿ, ನನ್ ತಪ್ಪು ಅಂತ."

"ನಾ ಬರೆದುಕೊಟ್ಟರ ನಾಳೆ ಯಾವ ಕಾರ್ಖಾನೆಯವರು ನನಗ ಸಹಿ ಕಡ್ಡಿ ಕೊಡ್ತಾರ?"

ಇಬ್ಬರೂ ಆವಲಪ್ಪನ ಕಡೆ ತಿರುಗಿದರು. ಜಗಳವಾಡಿದವರು ಹೀಗೆ ಒಟ್ಟಿಗೆ ಒಂದೇ ಕಡೆ ತಿರುಗಿದರೆ, ಮೂರನೆಯವನ ಪಾಲಿಗೆ ಏನೋ ಬಂತೆಂದೇ ಲೆಕ್ಕ.

ಕಡೆಗೆ ಹನುಮಂತರಾಯಪ್ಪ ದನಿ ತಗ್ಗಿಸಿದರು. "ಆವಲಪ್ಪ, ನೀನು ನಮ್ಮೋನು. ಶಿವರಾತ್ರಿಗೇ ಕೆಲ್ಸ ಬುಟ್ಟಿದ್ದೆ, ಕೈಗೆ ಪೆಟ್ಟಾದ್ ದಿನ ಸ್ನೇಹಿತ್ರನ್ನ ನೋಡೋಕೆ ಬಂದು ಸುಮ್ನೆ ಪ್ರೆಸ್ ಮುಟ್ಟಿದೆ ಅಂತ ನೀನೇ ಒಂದು ಕಾಗ್ದ ಕೊಟ್ಬುಡು. ವಠಾರದ ಬಾಡಿಗೆ ಕೇಳಲ್ಲ. ಅಶ್ವತ್ಥಮ್ಮಂಗೆ ಇಲ್ಲೇ ಪ್ಯಾಕಿಂಗ್ ಕೆಲ್ಸ ಕೊಡ್ತೀನಿ."

"ಕೊಡ್ದಿದ್ರೆ?" ಅಶ್ವತ್ಥಮ್ಮ ಕೇಳಿದಳು.

ವಠಾರ ಯಾರದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವಳು ಪಂಚಾಕ್ಷರಿಯ ಕಡೆ ತಿರುಗಿದಳು. ಅವರ ಹಣೆಯ ಮೂರು ಗೆರೆಗಳನ್ನೇ ನೋಡಿದಳು. "ಸಾಮೇರಾ, ಬೆಳಗೆದ್ದು ಸಿವನ್ ಮುಟ್ಟೋರು ನೀವು. ಇವ್ರು ಓಗಿದ್ದೂ ಅದೇ ಸಿವನ್ತಾವ್ಕೆ. ನೀವ್ ಏಳಿ. ಇದು ನ್ಯಾಯವಾ?"

ಪಂಚಾಕ್ಷರಿಯ ಕೈ ಅಂಗಿಯೊಳಗಿನ ಕರಡಿಗೆಯನ್ನು ಹುಡುಕಿತು. ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೇಕಾದದ್ದು ಇಷ್ಟೇ. ಒಂದು ಕಾಗದ, ಎರಡು ಸಾಲು, ಕೆಳಗೆ ತಮ್ಮ ಹೆಸರು. ಇಷ್ಟು ವರ್ಷ ಊರಿನ ಸಹಿಯನ್ನೆಲ್ಲ ಹಾಕಿದ ಅವರಿಗೆ ತಮ್ಮದೊಂದನ್ನು ಹಾಕುವ ಸಂದರ್ಭ ಬಂದಿರಲೇ ಇಲ್ಲ.

"ಕಚೇರಿ ಅಲೆದರ ಕಾಲೂ ಸವೀತಾವ ತಾಯಿ," ಎಂದರು. "ಬಿಟ್ಬಿಡ್ರಿ."

ಅಶ್ವತ್ಥಮ್ಮ ಅವರನ್ನು ದಿಟ್ಟಿಸಿದಳು.

"ಈ ಬುಟ್ಬುಡೋದ್ನ ನಿಮ್ ಕಂಪೂಟ್ರಿಗೆ ಏನಂತ ಆಕ್ತೀರಾ, ಸಾಮಿ? ರಜ ಅಂತ್ಲಾ, ತೀರ್ಕಂಡ್ರು ಅಂತ್ಲಾ?"

ಪಂಚಾಕ್ಷರಿ ಮೇಜಿನ ಮೇಲಿದ್ದ ಬಿಳಿ ಕಾಗದವನ್ನು ಹತ್ತಿರ ಎಳೆದುಕೊಂಡರು.

"ಸಾಕು ಸುಮ್ಕಿರಮ್ಮಿ," ಎಂದ ಆವಲಪ್ಪ. ಅಷ್ಟು ಹೊತ್ತಿಗೆ ಅವನಾಡಿದ ಮೊದಲ ಮಾತು ಅದು. "ಮಗೀನ ಕರ್ಕಂಡು ಎಲ್ಗೋಗಾನೆ?"

ಕಾಗದವನ್ನು ಪಂಚಾಕ್ಷರಿಯೇ ಬರೆದರು. ಅಕ್ಷರ ದುಂಡಗೆ ಬಂತು. ಆವಲಪ್ಪನಿಗೆ ಮೊದಲು ಸಹಿ ಬರುತ್ತಿತ್ತು, ಬಲಗೈಯಲ್ಲಿ. ಹನುಮಂತರಾಯಪ್ಪ ಶಾಯಿಯ ಡಬ್ಬಿ ತೆರೆದು ಹತ್ತಿರ ತಳ್ಳಿದರು. "ಯೋಚ್ನೆ ಮಾಡ್ಬೇಡ, ಗಂಡಸ್ರುದು ಎಡಗೈ ಎಬ್ಬೆಟ್ಟೇ ಕಾಯ್ದೆ," ಎಂದು ಸಮಾಧಾನ ಹೇಳಿದರು.

ಆವಲಪ್ಪ ಎಡಗೈ ಹೆಬ್ಬೆಟ್ಟು ಒತ್ತಿದ. ಗುರುತು ಸ್ಪಷ್ಟವಾಗಿ ಬಿತ್ತು. ಬೆರಳಿನ ಶಾಯಿಯನ್ನು ಅಂಗಿಗೆ ಒರೆಸಿಕೊಳ್ಳಲು ಹೋಗಿ, ಅದು ಮಾಲೀಕರೇ ಹಬ್ಬಕ್ಕೆ ಕೊಡಿಸಿದ್ದ ಹೊಸ ಅಂಗಿಯೆಂದು ನೆನಪಾಗಿ ನಿಲ್ಲಿಸಿದ. ಉಜ್ಜಿ ತೆಗೆಯಲು ಇನ್ನೊಂದು ಕೈ ಇರಲಿಲ್ಲ. ಅಶ್ವತ್ಥಮ್ಮ ಸೆರಗಿನ ತುದಿಯನ್ನು ಉಗುಳಿನಲ್ಲಿ ಒದ್ದೆ ಮಾಡಿ, ಆ ಹೆಬ್ಬೆರಳನ್ನು ಹಿಡಿದು, ಚರ್ಮ ಕೆಂಪಾಗುವವರೆಗೆ ತಿಕ್ಕಿದಳು.